ಅಂಬಿಗನ ಮನೆಯ ಅನ್ನ



ಕಳೆದ ಫೆಬ್ರುವರಿಯಲ್ಲಿ ನಾನೂ ನಮ್ಮ ಮನೆಯವರೂ ಲಕ್ಷದ್ವೀಪಕ್ಕೆ ಹೋಗಿ ಬಂದೆವು. ಅಲ್ಲಿ ನಾನೊಂದು ಸುಳ್ಳು ಹೇಳಿದೆ. ಸಣ್ಣ ಸುಳ್ಳು, ನಾಲ್ಕೇ ಮಾತಿನದು. ಯಾರಿಗೂ ನಷ್ಟವಾಗಲಿಲ್ಲ, ಯಾರೂ ನನ್ನನ್ನು ಹಿಡಿದು ಕೇಳಲೂ ಇಲ್ಲ, ಮನೆಯವರೊಬ್ಬರನ್ನು ಬಿಟ್ಟು. ತಿಂಗಳುಗಟ್ಟಲೆ ಅದನ್ನು ಒಳಗೇ ಇಟ್ಟುಕೊಂಡಿದ್ದೆ. ಈಗ ಬರೆಯಲು ಕುಳಿತಿದ್ದೇನೆ, ಏಕೆಂದರೆ ಆ ಸುಳ್ಳಿನಲ್ಲಿ ನನ್ನ ಪಾಲಿನ ಜೊತೆಗೆ ನಮ್ಮ ಸಮಾಜದ ಪಾಲೂ ಇದೆ ಎಂದು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿದೆ.

ನಮ್ಮ ಮದುವೆಗೆ 40 ವರ್ಷ ತುಂಬಿತೆಂದು ಮಗ-ಸೊಸೆ ಹಣ ಕೊಟ್ಟು ಎಲ್ಲಿಗಾದರೂ ಹೋಗಿ ಬನ್ನಿ ಎಂದರು. ಓಣಿಯ ಹಿರಿಯರು ಕಾಶಿ ಎಂದರು, ಬೀಗರು ಕೇದಾರ ಎಂದರು. ಬಸವಾದಿ ಶರಣರು ತೀರ್ಥಕ್ಷೇತ್ರಗಳ ಭ್ರಮೆಯನ್ನು ಬಿಡಿಸಲು ಅಷ್ಟು ಹೆಣಗಿದ ಮೇಲೂ ನಮ್ಮ ಮಠಗಳ ಅಂಗಳದಿಂದಲೇ ಯಾತ್ರೆಯ ಬಸ್ಸು ಹೊರಡುತ್ತವೆ. ಆ ಮಾತು ಬೇರೆ, ಅದನ್ನು ಈ ಪತ್ರಿಕೆಯಲ್ಲಿ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನನಗೆ ಒಂದೇ ಆಸೆ ಇತ್ತು. ಪ್ರೌಢಶಾಲೆಯಲ್ಲಿ 33 ವರ್ಷ ವಿಜ್ಞಾನ ಕಲಿಸಿದವನು ನಾನು. ಪ್ರತಿ ವರ್ಷ ಬೋರ್ಡಿನ ಮೇಲೆ ಉಂಗುರದಂಥದೊಂದು ಚಿತ್ರ ಬರೆದು, ‘ಇದು ಹವಳದ ದ್ವೀಪ’ ಎಂದು ಹೇಳಿ, ಗಂಟೆ ಹೊಡೆಯುತ್ತಲೇ ಅಳಿಸಿದ್ದೇನೆ. ಕಣ್ಣಿಂದ ಕಂಡವನಲ್ಲ. ನಮ್ಮ ಸೀಮೆಯ ಮಕ್ಕಳಿಗೆ ಕಡಲೆಂದರೆ ನಕಾಶೆಯ ನೀಲಿ ಬಣ್ಣ. ಮಾಸ್ತರನಿಗೂ ಅಷ್ಟೇ ಆಗಿತ್ತು.

‘ಈ ವಯಸ್ಸಿನಾಗ ಹನಿಮೂನ್ ಏನ್ರೀ ಸರ?’ ಎಂದು ಹಳೆಯ ಸಹೋದ್ಯೋಗಿಯೊಬ್ಬರು ನಕ್ಕರು. ಗಂಡ ಹೆಂಡಿರು ಕೂಡಿ ಗುಡಿಗೆ ಹೋದರೆ ಭಕ್ತಿ, ಕೂಡಿ ಸಮುದ್ರ ನೋಡಲು ಹೋದರೆ ಚೈನಿ. ನಮ್ಮ ಮನೆಯವರು ಮಾತ್ರ, ‘ಅರವತ್ತು ದಾಟಿದ ಮ್ಯಾಲೆ ನಾವಿಬ್ಬರೂ ಒಂದ ಕಡೆ ಕುಂತು ನೀರು ನೋಡಿದ್ರ ಯಾರಿಗೆ ಏನ್ ತ್ರಾಸ?’ ಎಂದು ಕಟಕ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಕಟ್ಟಿದರು.

ಲಕ್ಷದ್ವೀಪಕ್ಕೆ ಹಾಗೆ ಎದ್ದು ಹೋಗಲು ಬರುವುದಿಲ್ಲ, ಸರಕಾರದ ಪರವಾನಗಿ ಬೇಕು. ಒಟ್ಟು 36 ದ್ವೀಪಗಳು, ಜನವಸತಿ ಇರುವುದು ಹತ್ತರಲ್ಲಿ, ಎಲ್ಲ ಸೇರಿದರೂ ನೆಲ ಸುಮಾರು 32 ಚದರ ಕಿಲೋಮೀಟರು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 64,473 ಜನ. ಹೆಚ್ಚುಕಡಿಮೆ ಎಲ್ಲರೂ ಮುಸಲ್ಮಾನರು, ಹೆಚ್ಚುಕಡಿಮೆ ಎಲ್ಲರೂ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವವರು. ನಾವು ಹೋದದ್ದು ಕಡಮತ್ ಎಂಬ ದ್ವೀಪಕ್ಕೆ, ಕೊಚ್ಚಿಯಿಂದ ಸುಮಾರು 400 ಕಿ.ಮೀ. ಹಡಗಿನಲ್ಲಿ ರಾತ್ರಿ ಕಳೆದು ಬೆಳಗಾದಾಗ ಸುತ್ತಲೂ ನೀರಲ್ಲದೆ ಏನೂ ಇರಲಿಲ್ಲ. ಮನೆಯವರು ಇಷ್ಟಲಿಂಗ ಪೂಜೆಯನ್ನು ಹಡಗಿನ ಮಂಚದ ಮೇಲೆ ಕುಳಿತೇ ಮುಗಿಸಿದರು. ಅಂಗೈಯಲ್ಲಿ ದೇವರನ್ನು ಕೊಟ್ಟವರು ಎಷ್ಟು ದೂರ ಯೋಚಿಸಿದ್ದರು ನೋಡಿ, ಕಡಲ ನಡುವೆಯೂ ಗುಡಿ ಹುಡುಕುವ ಪ್ರಸಂಗವಿಲ್ಲ.

ಇನ್ನೊಂದು ಸಂಗತಿ ಹೇಳಬೇಕು, ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಕಡಮತ್, ಅಮಿನಿ, ಕಿಲ್ತಾನ್, ಚೆತ್ಲಾತ್, ಬಿತ್ರಾ, ಈ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದವು. ಅಲ್ಲಿಯ ಕಂದಾಯ, ಕಚೇರಿ ಕೆಲಸವೆಲ್ಲ ಮಂಗಳೂರಿನ ಕೈಯಲ್ಲಿತ್ತು. ದ್ವೀಪದವರು ಹಾಯಿ ಹಡಗಿನಲ್ಲಿ ತೆಂಗಿನ ನಾರಿನ ಹಗ್ಗ ತಂದು ಮಂಗಳೂರಿನ ಬಂದರಿನಲ್ಲಿ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ರಾಜ್ಯಗಳ ವಿಂಗಡಣೆಯಾದಾಗ ಜಿಲ್ಲೆ ನಮ್ಮ ಕಡೆ ಬಂತು, ದ್ವೀಪಗಳು ಕೇಂದ್ರಕ್ಕೆ ಹೋದವು. ಬಂಧ ಕಾಗದದಲ್ಲಿ ಕಡಿಯಿತು, ಅಕ್ಕಿಯಲ್ಲಿ ಕಡಿಯಲಿಲ್ಲ. ಇಂದಿಗೂ ಮಂಗಳೂರಿನ ಹಳೇ ಬಂದರಿನಿಂದ ಅಲ್ಲಿಗೆ ಸಾಮಾನು ಹೋಗುತ್ತದೆ.

ಹಡಗು ದಡಕ್ಕೆ ಬರಲಿಲ್ಲ, ದೂರದಲ್ಲೇ ನಿಂತಿತು. ಸಣ್ಣ ದೋಣಿ ಬಂತು. ಅಲೆಗೆ ಅದು ಒಂದಾಳು ಮೇಲೇರಿ ಒಂದಾಳು ಕೆಳಗಿಳಿಯುತ್ತಿತ್ತು. ಅದು ಮೇಲೆ ಬಂದ ಕ್ಷಣಕ್ಕೆ ಸರಿಯಾಗಿ ಕಾಲಿಡಬೇಕು. ಮನೆಯವರು ಬಾಗಿಲಲ್ಲೇ ನಿಂತುಬಿಟ್ಟರು. ಕೆಳಗಿನಿಂದ ಎಪ್ಪತ್ತರ ಆಸುಪಾಸಿನ ಒಬ್ಬ ಹಿರಿಯರು ಎರಡೂ ಕೈ ಚಾಚಿ, ‘ಅಮ್ಮಾ, ಹೆದರಬೇಡಿ, ನಾನುಂಟು’ ಎಂದರು. ಕನ್ನಡ! ಮಂಗಳೂರಿನ ಕನ್ನಡ. ಪ್ರಾಯದಲ್ಲಿ ಹಗ್ಗದ ಹೊರೆ ಹೊತ್ತು ಬಂದರಿಗೆ ಬಂದು ಹೋಗಿ ಕಲಿತದ್ದಂತೆ. ಅವರ ಕೈ ಹಿಡಿದು ಮನೆಯವರು ಇಳಿದರು, ಹಿಂದೆ ನಾನು ಇಳಿದೆ. ಆಗ ಆ ಕೈ ಯಾರದು, ಅದಕ್ಕೆ ಯಾವ ವಾಸನೆ ಎಂದು ನಾನು ನೋಡಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಆ ಹಿರಿಯರೇ ನಾಲ್ಕು ದಿನ ನಮ್ಮನ್ನು ನೀರಿನ ಮೇಲೆ ತಿರುಗಿಸಿದರು. ನಾನು ಮಾಸ್ತರನೆಂದು ತಿಳಿದ ಮೇಲೆ ಅವರ ಬಾಯಲ್ಲಿ ನಾನು ‘ಮಾಷೇ’ ಆದೆ. ನಮ್ಮ ಮನೆಯವರಿಗೆ ಅವರು ‘ಅಣ್ಣಾರ’.

ತಳಕ್ಕೆ ಗಾಜು ಹಾಕಿದ ದೋಣಿ. ದ್ವೀಪದ ಪಡುವಣಕ್ಕೆ ಹವಳದ ದಿಬ್ಬ ಗೋಡೆಯಂತೆ ನಿಂತು ದೊಡ್ಡ ಅಲೆಗಳನ್ನು ತಡೆಯುತ್ತದೆ. ಒಳಗೆ ಕೆರೆಯಂಥ ತಿಳಿನೀರು, ಅದಕ್ಕೆ ಲಗೂನು ಎನ್ನುತ್ತಾರೆ. ಗಾಜಿನ ಕೆಳಗೆ ಕಂಡದ್ದನ್ನು ಹೇಗೆ ಹೇಳಲಿ? ಜಿಂಕೆಯ ಕೊಂಬಿನಂಥ ಹವಳ, ಒನಕೆ ಪೆಟ್ಟು ತಿಂದ ಒರಳಿನಂಥ ಗುಂಡು ಹವಳ, ಅದರ ಸಂದುಗಳಲ್ಲಿ ಹಳದಿ, ನೀಲಿ, ಪಟ್ಟೆಪಟ್ಟೆಯ ಮೀನು. ಗಿಳಿಮೀನು ಹವಳವನ್ನು ಕಟಕಟ ಕಡಿಯುವ ಸದ್ದು ನೀರಿಗಿಳಿದರೆ ಕಿವಿಗೆ ಕೇಳುತ್ತದೆ. ಅದು ಕಲ್ಲಿನ ಮೇಲಿನ ಪಾಚಿಯನ್ನು ಕಲ್ಲಿನ ಸಮೇತ ಕಡಿದು, ಕಲ್ಲನ್ನು ಪುಡಿ ಮಾಡಿ ಹೊರಗೆ ಬಿಡುತ್ತದೆ. ಆ ಬಿಳಿ ಮರಳಿನ ದಂಡೆಯ ಬಹುಪಾಲು ಹಾಗೆ ಆದದ್ದು. ಮನೆಯವರಿಗೆ ಇದನ್ನು ಹೇಳಿದಾಗ, ಕಾಲ ಕೆಳಗಿನ ಮರಳನ್ನು ನೋಡಿ ಬಹಳ ಹೊತ್ತು ನಕ್ಕರು.

ಹವಳ ಕಲ್ಲಲ್ಲ, ಜೀವ. ಒಂದೊಂದು ಗಂಟಿನಲ್ಲಿ ಸಾವಿರಾರು ಕಿರುಜೀವಿಗಳು. ಅವುಗಳ ಮೈಯೊಳಗೆ ಇನ್ನೂ ಸಣ್ಣ ಪಾಚಿ ವಾಸ ಮಾಡುತ್ತದೆ. ಪಾಚಿ ಬಿಸಿಲಿನಿಂದ ಅಡುಗೆ ಮಾಡಿ ಹವಳಕ್ಕೆ ಉಣ್ಣಿಸುತ್ತದೆ, ಹವಳ ಅದಕ್ಕೆ ಮನೆ ಕೊಡುತ್ತದೆ. ದಾಸೋಹ ಎನ್ನಲು ನನಗೆ ಸಂಕೋಚವಿಲ್ಲ. ಕಡಲ ನೀರು ವಾರಗಟ್ಟಲೆ ಹೆಚ್ಚು ಬಿಸಿಯಾದರೆ ಆ ನಂಟು ಮುರಿಯುತ್ತದೆ, ಪಾಚಿ ಹೊರಬೀಳುತ್ತದೆ, ಹವಳ ಬೆಳ್ಳಗಾಗುತ್ತದೆ, ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಹೀಗಾಯಿತು. ನಮ್ಮ ದೋಣಿ ಒಂದು ಜಾಗದಲ್ಲಿ ಹಾಯುವಾಗ ಕೆಳಗೆ ಬಣ್ಣವೇ ಇರಲಿಲ್ಲ. ಮುರಿದ ಕೊಂಬೆಗಳು, ಮೇಲೆ ಬೂದಿಬಣ್ಣದ ಪಾಚಿ. ಹಿರಿಯರು ಎಂಜಿನ್ ನಿಲ್ಲಿಸಲಿಲ್ಲ. ‘ಇಲ್ಲಿ ಮೊದಲು ತುಂಬಾ ಇತ್ತು’ ಎಂದಷ್ಟೇ ಹೇಳಿದರು. ದ್ವೀಪ ಇರುವುದೇ ಸತ್ತ ಹವಳದ ಮೇಲೆ, ಉಳಿದಿರುವುದು ಬದುಕಿದ ಹವಳದ ಗೋಡೆಯ ಮರೆಯಲ್ಲಿ. ಗೋಡೆ ಸವೆದರೆ ಅಲೆ ನೇರವಾಗಿ ಅವರ ಹೊಸ್ತಿಲಿಗೆ ಬರುತ್ತದೆ, ಬಾವಿಯ ಸಿಹಿನೀರಿಗೆ ಉಪ್ಪು ಸೇರುತ್ತದೆ. ಅಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಮಳೆನೀರು ನೆಲದೊಳಗೆ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ, ಅದನ್ನೇ ಮೊಗೆದು ಕುಡಿಯುವುದು.

ಎರಡನೆಯ ದಿನ ದೋಣಿಯಲ್ಲಿ ನಮ್ಮ ಜೊತೆ ಇನ್ನೊಂದು ಕುಟುಂಬವಿತ್ತು. ನಮ್ಮ ಕಡೆಯವರೇ, ಹಣೆಗೆ ವಿಭೂತಿ, ಕೊರಳಲ್ಲಿ ಕರಡಿಗೆ. ನೋಡಿ ಸಂತೋಷವಾಯಿತು. ಮಾತಿನ ಮೊದಲ ಸಾಲೇ, ‘ಇಲ್ಲಿ ಊಟದ್ದ ಭಾಳ ತ್ರಾಸರೀ, ಎಲ್ಲಾ ಮೀನ ತಿನ್ನೋ ಮಂದಿ. ನಾವು ಶುದ್ಧ ಸಸ್ಯಾಹಾರಿ’ ಎಂದು. ಆಮೇಲೆ ನೀರು ಸೊಂಟಮಟ್ಟ ಇದ್ದಲ್ಲಿ ಇಳಿದರು. ಫೋಟೋಕ್ಕೆಂದು ಆ ಯಜಮಾನರು ಒಂದು ಗುಂಡು ಹವಳದ ಮೇಲೆ ಹತ್ತಿ ನಿಂತರು, ಮಗ ಕೊಂಬು ಹವಳದ ಮೇಲೆ. ಮೀನು ಹತ್ತಿರ ಬರಲೆಂದು ಬಿಸ್ಕತ್ತು ಎರಚಿದರು, ಖಾಲಿ ಕಾಗದವನ್ನೂ ಬಿಟ್ಟರು. ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನಷ್ಟು. ಅವರು ನಿಂತದ್ದು ಬಹುಶಃ ನಮ್ಮ ತಾತನ ಕಾಲದಲ್ಲಿ ಹುಟ್ಟಿದ ಜೀವದ ಮೇಲೆ. ದೋಣಿಯ ಹಿರಿಯರು ನೀರಿಗೆ ಹಾರಿ ಕಾಗದ ಹಿಡಿದು ತಂದರು. ಹವಳದ ಮೇಲೆ ನಿಂತವರಿಗೆ ಕೈಮುಗಿದು, ‘ಸಾರ್, ಅದಕ್ಕೆ ನೋವಾಗ್ತದೆ’ ಎಂದರು. ಮೀನು ಹಿಡಿದು ಮೀನು ತಿಂದು ಬದುಕುವ ಮನುಷ್ಯ ಸಸ್ಯಾಹಾರಿಗೆ ಕೈಮುಗಿದು ಕೇಳಿಕೊಳ್ಳುತ್ತಿದ್ದಾನೆ, ಜೀವದ ಮೇಲಿಂದ ಇಳಿಯಿರಿ ಎಂದು!

ಅವರನ್ನು ನೋಡಿ ನಾನು ಮನಸ್ಸಿನಲ್ಲೇ ಹೀಗಳೆದೆ. ಆದರೆ ಅದೇ ಸಂಜೆ ದಂಡೆಯಲ್ಲಿ ಸಿಕ್ಕ ಒಂದು ಚೆಂದದ ಹವಳದ ತುಂಡನ್ನು ಮೊಮ್ಮಗಳಿಗೆಂದು ಚೀಲಕ್ಕೆ ಹಾಕಿಕೊಂಡಿದ್ದೆ. ‘ಮಾಷೇ, ಅದು ಬೇಡ’ ಎಂದರು ಹಿರಿಯರು. ಕಾನೂನು ನನಗೂ ಗೊತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿಯ ಜೊತೆಗೆ ಹವಳಕ್ಕೂ ಜಾಗವಿದೆ. ಪಾಠ ಮಾಡಿದ್ದೇನೆ. ಸತ್ತದ್ದಲ್ಲವೇ ಎಂದು ವಾದಿಸಬಹುದಿತ್ತು, ಆದರೆ ಆ ಸತ್ತ ತುಂಡುಗಳೇ ಅವರ ಊರಿನ ನೆಲ. ತಿರುಗಿ ಇಟ್ಟೆ.

ಮೂರನೆಯ ದಿನದ ಆಮೆಯನ್ನು ಮರೆಯುವುದು ಸಾಧ್ಯವಿಲ್ಲ. ಲಗೂನಿನ ತಳದಲ್ಲಿ ಕಡಲಹುಲ್ಲು ಬೆಳೆಯುತ್ತದೆ, ನಮ್ಮ ಹೊಲದ ಬದುವಿನ ಹುಲ್ಲಿನ ಹಾಗೆಯೇ. ಹಸಿರಾಮೆಗಳು ಅದನ್ನು ಮೇಯುತ್ತವೆ. ಒಂದು ಆಮೆ, ಬಂಡಿಯ ಗಾಲಿಯಷ್ಟು ಅಗಲ, ಎಮ್ಮೆಯಂತೆ ತಲೆ ತಗ್ಗಿಸಿ ಮೇಯುತ್ತಿತ್ತು. ನಡುವೆ ಮೇಲೆ ಬಂದು ತಲೆ ಎತ್ತಿ ‘ಹುಶ್’ ಎಂದು ಉಸಿರು ಬಿಟ್ಟು, ನಮ್ಮನ್ನು ನೋಡಿತು. ಮನೆಯವರು ಕೈ ಮುಗಿದರು. ‘ಎಷ್ಟು ಚಂದ ಸಾಕೀರಿ ಅಣ್ಣಾರ’ ಎಂದರು. ಹಿರಿಯರು ನಗಲಿಲ್ಲ. ಆಗ ಅವರು ಹೇಳಿದ ಮಾತು ನನ್ನ ದಯೆಯ ಲೆಕ್ಕವನ್ನೇ ಕೆಡಿಸಿತು.

ಹಿಂದೆ ಅವರ ಹಿರಿಯರು ಆಮೆಯನ್ನು ಕೊಲ್ಲುತ್ತಿದ್ದರು. ಅದರ ಎಣ್ಣೆಯನ್ನು ದೋಣಿಯ ಮರಕ್ಕೆ ಬಳಿದರೆ ನೀರು ಹಿಡಿಯುವುದಿಲ್ಲ. ಕಾನೂನು ಬಂತು, ಕೊಲ್ಲುವುದು ನಿಂತಿತು, ಆಮೆಗಳು ಹೆಚ್ಚಿದವು. ಹೆಚ್ಚಿದ ಆಮೆಗಳು ಹುಲ್ಲನ್ನು ಬುಡಮಟ್ಟ ಮೇಯ್ದವು. ಹುಲ್ಲಿನೊಳಗೆ ಮರಿ ಮಾಡುತ್ತಿದ್ದ ಮೀನು ಕಡಿಮೆಯಾದವು. ಬಲೆ ಹಾಕಿದವನಿಗೆ ಸಂಜೆಯ ಸಾರಿಗೆ ಬೇಕಾದಷ್ಟೂ ಸಿಗದ ದಿನಗಳಿವೆ. ಒಂದು ದ್ವೀಪದಲ್ಲಿ ಹುಲ್ಲು ಮುಗಿದರೆ ಆಮೆಗಳು ಮುಂದಿನ ದ್ವೀಪಕ್ಕೆ ಹೋಗುತ್ತವೆ, ತಕರಾರೂ ಹಿಂದೆಯೇ ಹೋಗುತ್ತದೆ. ‘ಆದರೂ ಹೊಡೆಯುವುದಿಲ್ಲ ಅಮ್ಮಾ. ಸಿಟ್ಟು ಬರ್ತದೆ, ಹೊಡೆಯುವುದಿಲ್ಲ.’

ನಮ್ಮ ದಯೆಗೆ ಏನು ಬೆಲೆ ಕೊಟ್ಟಿದ್ದೇವೆ? ಜೋಳ, ತೊಗರಿ, ಹಾಲು, ಮೊಸರು ಇರುವ ಸೀಮೆಯಲ್ಲಿ ಹುಟ್ಟಿದ್ದೇವೆ. ಮಾಂಸ ಬಿಡಲು ನಾವು ಏನನ್ನೂ ಬಿಡಬೇಕಾಗಲಿಲ್ಲ, ಹುಟ್ಟಿನಿಂದ ಬಂತು. ಆ ಮನುಷ್ಯ ತನ್ನ ತಾಟಿನ ಮೀನನ್ನು ಆಮೆಗೆ ಬಿಟ್ಟುಕೊಟ್ಟು ಸುಮ್ಮನಿದ್ದಾನೆ. ದಯೆಯ ಬಗ್ಗೆ ಅಪ್ಪ ಬಸವಣ್ಣನವರು ಹೇಳಿದ್ದನ್ನು ನಾವೆಲ್ಲ ಬಾಲ್ಯದಿಂದ ಬಾಯಿಪಾಠ ಮಾಡಿದ್ದೇವೆ, ಪ್ರತಿ ಸಭೆಯ ಆರಂಭಕ್ಕೂ ಹಾಡುತ್ತೇವೆ. ಅದು ತಾಟಿನಲ್ಲಿ ಮೀನಿಲ್ಲ ಎಂಬಷ್ಟಕ್ಕೇ ಮುಗಿಯುವ ಮಾತಾಗಿದ್ದರೆ ಅದಕ್ಕೊಂದು ಕ್ರಾಂತಿ ಬೇಕಿರಲಿಲ್ಲ, ಬಾಣಸಿಗನೊಬ್ಬ ಸಾಕಿತ್ತು.

ಅವರ ಮೀನುಗಾರಿಕೆಯ ಬಗ್ಗೆಯೂ ಎರಡು ಮಾತು. ಲಕ್ಷದ್ವೀಪದ ದೊಡ್ಡ ಬೇಟೆ ಟ್ಯೂನಾ, ಅವರು ಚೂರ ಎನ್ನುತ್ತಾರೆ. ಲಗೂನಿನಲ್ಲಿ ಕಿರುಮೀನು ಹಿಡಿದು, ದೋಣಿಯೊಳಗಿನ ನೀರಿನ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಂಡು ಹೊರಗಡಲಿಗೆ ಹೋಗುತ್ತಾರೆ. ಚೂರದ ಹಿಂಡು ಕಂಡಲ್ಲಿ ಕಿರುಮೀನು ಎಸೆದು, ನೀರು ಚಿಮುಕಿಸಿ, ಗಳದ ತುದಿಯ ಕೊಕ್ಕೆಯಿಂದ ಒಂದೊಂದೇ ಮೀನನ್ನು ಎತ್ತುತ್ತಾರೆ. ಮಿನಿಕಾಯ್ ದ್ವೀಪದವರ ಹಳೆಯ ವಿದ್ಯೆ ಇದು, ಉಳಿದ ದ್ವೀಪಗಳು ಆಮೇಲೆ ಕಲಿತವು. ಇದರಲ್ಲಿ ಆಮೆ ಸಿಕ್ಕಿ ಸಾಯುವುದಿಲ್ಲ, ಡಾಲ್ಫಿನ್ ಸಿಕ್ಕಿ ಸಾಯುವುದಿಲ್ಲ. ಇತ್ತ ನಮ್ಮ ಕರಾವಳಿಯ ಟ್ರಾಲರುಗಳು ಕಡಲ ತಳವನ್ನೇ ಬಲೆಯಿಂದ ಕೆರೆದು ತರುತ್ತವೆ. ತಿನ್ನಲು ಬಾರದ ಮರಿಮೀನುಗಳೂ ಬರುತ್ತವೆ. ಅವು ಕಾರ್ಖಾನೆಗೆ ಹೋಗಿ ಹುಡಿಯಾಗುತ್ತವೆ, ಎಣ್ಣೆಯಾಗುತ್ತವೆ. ಇದನ್ನು ಯೋಚಿಸುತ್ತ ಕುಳಿತಾಗ ನನ್ನ ಕೋಣೆಯ ಮೇಜಿನ ಮೇಲಿದ್ದ ಮಾತ್ರೆಯ ಶೀಸೆ ಕಣ್ಣಿಗೆ ಬಿತ್ತು. ಹೃದಯಕ್ಕೆ ಒಳ್ಳೆಯದೆಂದು ಎರಡು ವರ್ಷದಿಂದ ದಿನಕ್ಕೊಂದು ನುಂಗುತ್ತಿರುವ ಹಳದಿ ಮಾತ್ರೆ, ಮೀನೆಣ್ಣೆಯದು. ಹೊದಿಕೆ ಜೆಲಾಟಿನ್, ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದದ್ದು. ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡ ಕೈಯಿಂದಲೇ ನುಂಗುತ್ತಿದ್ದೆ. ಡಾಕ್ಟರು ಕೊಟ್ಟರೆ ಔಷಧ, ಅಂಬಿಗ ತಿಂದರೆ ಪಾಪ.

ಈಗ ಆ ಸುಳ್ಳಿಗೆ ಬರುತ್ತೇನೆ.

ಕೊನೆಯ ದಿನ ಹಿರಿಯರು ಮಧ್ಯಾಹ್ನಕ್ಕೆ ಮನೆಗೆ ಕರೆದರು. ತೆಂಗಿನ ತೋಟದೊಳಗೆ ಸಣ್ಣ ಮನೆ, ಅಂಗಳದಲ್ಲಿ ಹವಳದ ಬಿಳಿ ಚೂರು ಹಾಸಿದ್ದರು. ಅವರ ಮನೆಯವರು ಜಗಲಿಯಲ್ಲಿ ಕುಳಿತು ನಾರು ಹೊಸೆಯುತ್ತಿದ್ದರು. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಲಗೂನಿನಲ್ಲಿ ಹುಗಿದಿಟ್ಟು, ತೆಗೆದು ಬಡಿದು, ನಾರು ಬಿಡಿಸಿ ಅಂಗೈಯಲ್ಲಿ ಹಗ್ಗ ಮಾಡುವ ಕೆಲಸ ಅಲ್ಲಿ ಹೆಂಗಸರದು. ನುಲಿಯ ಚಂದಯ್ಯನವರ ಮನೆಯ ಜಗಲಿ ಹೀಗೇ ಇದ್ದೀತು ಎಂದುಕೊಂಡೆ. ಎಷ್ಟು ಸಲೀಸಾಗಿ ಹಾಗೆ ಅಂದುಕೊಂಡೆ ನೋಡಿ.

ಚಾಪೆ ಹಾಸಿದರು. ಅನ್ನ, ತೆಂಗಿನಕಾಯಿ ಅರೆದು ಹಾಕಿದ ನುಗ್ಗೆಕಾಯಿ ಸಾರು, ಹಪ್ಪಳ, ಕಾಯಿತುರಿ-ಬೆಲ್ಲದ ಉಂಡೆ. ಆ ನೆಲದಲ್ಲಿ ಭತ್ತ ಬೆಳೆಯುವುದಿಲ್ಲ. ಒಂದೊಂದು ಅಗುಳೂ ಕಡಲು ದಾಟಿ ಬಂದದ್ದು. ‘ಮಾಷೇ, ಈ ಪಾತ್ರೆಯಲ್ಲಿ ಮೀನು ಮಾಡಿಲ್ಲ’ ಎಂದರು ಹಿರಿಯರು. ಹೇಳುವ ಅಗತ್ಯವೇ ಇರಲಿಲ್ಲ. ಪಾತ್ರೆ ಹೊಸದು, ಅಂಗಡಿಯವರು ಅಂಟಿಸಿದ ಕಾಗದದ ಚೀಟಿ ಪಕ್ಕದಲ್ಲಿ ಇನ್ನೂ ಅರ್ಧ ಉಳಿದಿತ್ತು. ನಮಗಾಗಿ ಕೊಂಡು ತಂದಿದ್ದರು.

ನಾನು ಹೇಳಿದೆ: ‘ಹೊಟ್ಟೆ ಸ್ವಲ್ಪ ಸರಿಯಿಲ್ಲ.’

ನನ್ನ ಹೊಟ್ಟೆ ಚೆನ್ನಾಗಿಯೇ ಇತ್ತು. ಹಸಿವೂ ಇತ್ತು. ಪಕ್ಕದಲ್ಲಿ ನಮ್ಮ ಮನೆಯವರು ಒಂದು ಮಾತೂ ಆಡದೆ ಕುಳಿತು ಉಂಡರು, ಎರಡನೆಯ ಸಲ ಅನ್ನ ಹಾಕಿಸಿಕೊಂಡರು, ನುಗ್ಗೆಕಾಯಿ ಸಾರು ಹೇಗೆ ಮಾಡಿದಿರಿ ಎಂದು ಕೈಸನ್ನೆಯಲ್ಲಿ ಕೇಳಿ ತಿಳಿದುಕೊಂಡರು. ಆ ತಾಯಿ ನನ್ನ ಮಾತನ್ನು ನಂಬಿದರು. ಊಟದ ನಡುವೆ ಎದ್ದು ಹೋಗಿ ಜೀರಿಗೆ ಹಾಕಿ ನೀರು ಕುದಿಸಿ, ಆರಿಸಿ, ಲೋಟದಲ್ಲಿ ತಂದು ನನ್ನ ಮುಂದೆ ಇಟ್ಟರು. ಕುಡಿದೆ. ಅಷ್ಟು ಕಹಿಯಾದ ಜೀರಿಗೆ ನೀರನ್ನು ನಾನು ಕುಡಿದಿಲ್ಲ.

ರಾತ್ರಿ ದಂಡೆಯಲ್ಲಿ ಕುಳಿತಿದ್ದೆವು. ಮನೆಯವರು, ‘ಹೊಟ್ಟಿ ಅರಾಮ ಆತೇನ್ರಿ?’ ಎಂದರು. ನಾನು ಸುಮ್ಮನಿದ್ದೆ. ‘ಹದಿನೈದು ವರ್ಷದಿಂದ ಗೋಷ್ಠಿಯೊಳಗ ಅಂಬಿಗರ ಚೌಡಯ್ಯನ ಮ್ಯಾಲೆ ಮಾತಾಡ್ತೀರಿ. ಇವತ್ತು ಚೌಡಯ್ಯನ ಮನೀ ಊಟ ಬಂದಿತ್ತು. ಒಲ್ಲೆ ಅಂದ್ರಿ’ ಎಂದು ಎದ್ದು ಹೋದರು.

ಮೀನಿನ ವಾಸನೆಗೆ ಹಿಂಜರಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಮಗನ ಜೊತೆ ಹೋದ ಹೋಟೆಲುಗಳಲ್ಲಿ ಒಂದೇ ಅಡುಗೆಮನೆಯಲ್ಲಿ ಎಲ್ಲವೂ ಬೇಯುವುದು ಗೊತ್ತಿದ್ದೂ ಉಂಡಿದ್ದೇನೆ. ಹಡಗಿನಲ್ಲಿ ಉಂಡೆ. ಅಲ್ಲಿಯ ಅಡುಗೆಯವರ ಹೆಸರು, ಕುಲ, ಮತ ಕೇಳಲಿಲ್ಲ, ದುಡ್ಡು ಕೊಟ್ಟಿದ್ದೆನಲ್ಲ. ದೋಣಿಗೆ ಇಳಿಯುವಾಗ ಪ್ರಾಣಭಯದಲ್ಲಿ ಅದೇ ಕೈ ಹಿಡಿದಿದ್ದೆ. ಹಾಗಾದರೆ ಅಡ್ಡ ಬಂದದ್ದು ಮೀನೂ ಅಲ್ಲ, ಕೈಯೂ ಅಲ್ಲ, ಮನೆ. ಅಂಬಿಗನ ಮನೆ, ಅದೂ ಮುಸಲ್ಮಾನನ ಮನೆ. ದುಡ್ಡು ಕೊಟ್ಟು ಉಂಡರೆ ನಂಟಿಲ್ಲ. ಮನೆಯಲ್ಲಿ ಉಂಡರೆ ನಾಳೆ ಅವರನ್ನು ನಮ್ಮ ಮನೆಗೆ ಕರೆಯಬೇಕಾಗುತ್ತದೆ. ಅದನ್ನು ನನ್ನೊಳಗಿನ ಹಳೆಯವನೊಬ್ಬ ನನಗಿಂತ ಮೊದಲೇ ಲೆಕ್ಕ ಹಾಕಿದ್ದ. ಮಡಿಯನ್ನು ಮುರಿದ ಧರ್ಮದಲ್ಲಿ ಹುಟ್ಟಿ, ಸಸ್ಯಾಹಾರ ಎಂಬ ಹೊಸ ಹೆಸರಿನಲ್ಲಿ ಅದೇ ಮಡಿಯನ್ನು ಉಟ್ಟುಕೊಂಡು ಕುಳಿತಿದ್ದೆ.

ಅಂಬಿಗರ ಚೌಡಯ್ಯನವರು ಹೊಳೆ ದಾಟಿಸುವ ಕಾಯಕದವರು. ತುಂಗಭದ್ರೆಯ ದಂಡೆಯ ಚೌಡದಾನಪುರದಲ್ಲಿ ಅವರ ಹೆಸರು ಇಂದಿಗೂ ಊರಿನ ಹೆಸರಾಗಿ ಉಳಿದಿದೆ. ಅಷ್ಟು ಖಾರವಾಗಿ, ಅಷ್ಟು ನೇರವಾಗಿ ಬೂಟಾಟಿಕೆಯನ್ನು ಬೈದವರು ಶರಣರಲ್ಲಿ ವಿರಳ. ಜನವರಿ 21ಕ್ಕೆ ಸರಕಾರ ಅವರ ಜಯಂತಿ ಮಾಡುತ್ತದೆ. ನಮ್ಮ ತಾಲೂಕಿನ ಜಯಂತಿಗೆ ನಾನು ಮೂರು ಸಲ ಭಾಷಣಕ್ಕೆ ಹೋಗಿದ್ದೇನೆ. ಎದುರು ಕುಳಿತವರು ಯಾರು? ಅವರ ಸಮಾಜದವರು ಮಾತ್ರ. ವೇದಿಕೆಯ ಮೇಲೆ ನಾವು ಒಬ್ಬರೋ ಇಬ್ಬರೋ, ಭಾಷಣ ಮುಗಿದ ಕೂಡಲೇ ‘ಇನ್ನೊಂದು ಕಾರ್ಯಕ್ರಮ ಐತಿ’ ಎಂದು ಊಟದ ಮೊದಲೇ ಎದ್ದು ಬಂದಿದ್ದೇವೆ. ಅಲ್ಲಿಯೂ ಹೊಟ್ಟೆ ಸರಿಯಿರಲಿಲ್ಲವೇ? ಚನ್ನಯ್ಯ, ಹರಳಯ್ಯ, ಕಕ್ಕಯ್ಯನವರ ಹೆಸರಿನಲ್ಲೂ ಇದೇ ನಡೆದಿದೆ. ಶರಣರನ್ನು ಅವರವರ ಜಾತಿಗೆ ಹಂಚಿಕೊಟ್ಟು, ಭಾವಚಿತ್ರಗಳನ್ನು ಮಾತ್ರ ಮಠದ ಗೋಡೆಯ ಮೇಲೆ ಸಾಲಾಗಿ ಇಟ್ಟಿದ್ದೇವೆ. ಚಿತ್ರಕ್ಕೆ ಹಸಿವಾಗುವುದಿಲ್ಲ, ಅದು ನಮ್ಮನ್ನು ಊಟಕ್ಕೂ ಕರೆಯುವುದಿಲ್ಲ.

ಓದುಗರಲ್ಲಿ ಕೆಲವರು ಕೇಳುತ್ತಾರೆ, ಗೊತ್ತು: ಹಾಗಾದರೆ ಮೀನು ತಿನ್ನಬೇಕೆ? ಬೇಡ. ನಾನು ತಿನ್ನುವುದಿಲ್ಲ, ತಿನ್ನಿ ಎಂದು ಆ ಮನೆಯವರೂ ಹೇಳಲಿಲ್ಲ. ಹೊಸ ಪಾತ್ರೆ ತಂದದ್ದೇ ಅದಕ್ಕೆ. ನಮ್ಮ ಆಚಾರವನ್ನು ಅವರು ನಮಗಿಂತ ಹೆಚ್ಚು ಗೌರವಿಸಿದರು. ನನ್ನ ತಕರಾರು ನಮ್ಮ ಊಟದ ಬಗ್ಗೆ ಅಲ್ಲವೇ ಅಲ್ಲ, ಆ ಊಟವನ್ನು ಎತ್ತರದ ಪೀಠ ಮಾಡಿಕೊಂಡು ಉಳಿದವರನ್ನು ಅದರ ಮೇಲಿಂದ ನೋಡುವ ಚಾಳಿಯ ಬಗ್ಗೆ. ಇನ್ನು ‘ಅವರು ಕೊಲ್ಲುವವರು’ ಎನ್ನುವವರು ಒಂದು ಸಲ ನಮ್ಮ ಕಬ್ಬಿನ ಗದ್ದೆಗೆ ಹೊಡೆಯುವ ವಿಷ ಹಳ್ಳಕ್ಕಿಳಿದ ಮೇಲೆ ಹಳ್ಳದ ಮೀನು ಏನಾಗುತ್ತವೆ ಎಂದು ಹೋಗಿ ನೋಡಿ ಬರಲಿ.

ಪೂಜ್ಯರಲ್ಲಿ, ಮಠದ ಆಡಳಿತ ನೋಡುವವರಲ್ಲಿ ನನ್ನದೊಂದು ಅರಿಕೆ ಇದೆ. ವರ್ಷಕ್ಕೊಂದು ಯಾತ್ರೆಯ ಬಸ್ಸನ್ನಾದರೂ ಕ್ಷೇತ್ರಗಳ ಬದಲು ಕಡಲ ಕಡೆಗೆ ತಿರುಗಿಸಿ. ಲಕ್ಷದ್ವೀಪವೇ ಆಗಬೇಕಿಲ್ಲ, ಅದು ದುಬಾರಿ, ಪರವಾನಗಿಯ ಕೆಲಸವೂ ದೊಡ್ಡದು. ಮುರ್ಡೇಶ್ವರದ ಎದುರಿಗೇ ನೇತ್ರಾಣಿ ಇದೆ, ಅಲ್ಲಿಯೂ ಹವಳವಿದೆ. ಮಠದ ಶಾಲೆಯ ಮಕ್ಕಳು ನೋಡಲಿ. ಗಂಡ ಹೆಂಡತಿ ಕೂಡಿ ಹೋಗಲಿ, ವಯಸ್ಸಾದವರೂ ಹೋಗಲಿ, ನಾಚಿಕೆ ಬೇಡ. ಹೋದಾಗ ಮಧ್ಯಾಹ್ನದ ಊಟವನ್ನು ನಮ್ಮದೇ ಅಡುಗೆಯವರನ್ನು ಬಸ್ಸಿನಲ್ಲಿ ಹೇರಿಕೊಂಡು ಹೋಗಿ ಮಾಡಿಸಬೇಡಿ. ಮೊಗವೀರರ ಕೇರಿಯಲ್ಲಿ, ಅವರ ಕೈಯ ಅನ್ನ ಸಾರು ಉಂಡು ಬನ್ನಿ. ಬಂದ ಮೇಲೆ ಅವರನ್ನು ದಾಸೋಹದ ಪಂಕ್ತಿಗೆ ಕರೆಯಿರಿ. ಜನವರಿ 21ರಂದು ವೇದಿಕೆಯ ಮೇಲೆ ನಿಂತವರು ಊಟ ಮುಗಿಯುವವರೆಗೆ ಅಲ್ಲೇ ಇರಲಿ.

ಹೋದ ತಿಂಗಳು ಆ ಹಿರಿಯರು ಫೋನ್ ಮಾಡಿದ್ದರು. ಕಣ್ಣಿನ ಪೊರೆ ತೆಗೆಸಲು ಮಂಗಳೂರಿಗೆ ಬರುವವರಿದ್ದಾರೆ, ಜೊತೆಗೆ ಅವರ ಮನೆಯವರೂ. ನಾನು ಉತ್ತರ ಕೊಡುವ ಮೊದಲೇ ನಮ್ಮ ಮನೆಯವರು ಫೋನು ಕಸಿದುಕೊಂಡು, ‘ಅಣ್ಣಾರ, ಆಪರೇಶನ್ ಆದ ಮ್ಯಾಲೆ ಎಂಟು ದಿನ ನಮ್ಮ ಮನ್ಯಾಗ ಇರ್ರಿ. ಅಕ್ಕಾರನ್ನೂ ಕರಕೊಂಡು ಬರ್ರಿ’ ಎಂದರು. ಸುದ್ದಿ ತಿಳಿದ ನನ್ನ ಅಕ್ಕ ಊರಿಂದ ಬಂದು, ‘ಅವರಿಗೆ ತಾಟು, ಲೋಟ ಬ್ಯಾರೆ ತಗದಿಡಬೇಕಲ್ಲಾ’ ಎಂದಳು. ಮನೆಯವರು ನನ್ನ ಕಡೆ ನೋಡಿದರು, ಉತ್ತರ ನಾನೇ ಕೊಡಲಿ ಎಂದು.

ಎಂಬತ್ತು ದಾಟಿದ ಅಕ್ಕನ ಮುಂದೆ ನಾನು ಇಂದಿನವರೆಗೆ ಎದುರು ಮಾತಾಡಿದವನಲ್ಲ. ಅವಳು ಮುನಿಸಿಕೊಂಡು ಮರುದಿನದ ಬಸ್ಸಿಗೇ ಊರಿಗೆ ಹೋದಳು. ಈ ತಿಂಗಳ ಗೋಷ್ಠಿಯಲ್ಲಿ ವಿಷಯ ಅಂಬಿಗರ ಚೌಡಯ್ಯನವರದೇ, ಮಾತಾಡುವವನು ನಾನೇ. ಮೊದಲು ಜೀರಿಗೆ ನೀರಿನ ಸಂಗತಿ ಹೇಳಿ, ಆಮೇಲೆ ವಚನಕ್ಕೆ ಬರುತ್ತೇನೆ.